ಕುಗ್ಗದ ಕುರ್ಚಿ

ಅಚ್ಚಕ್ಕ ಮಾಡಿದ್ದೆಲ್ಲ ಮಣ್ಣಿಗೇ ಹೋಗುತ್ತಿತ್ತು. ಇದು ಶಾಪವಲ್ಲ, ಅವಳ ಕಸುಬೇ ಅಂಥದ್ದು. ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳು ಮರದ ಅಚ್ಚು ಮಾಡಿದಳು. ಹಲ್ಲುಚಕ್ರವಾಗಲಿ, ಪಂಪಿನ ಹೊಟ್ಟೆಯಾಗಲಿ, ಯಂತ್ರದ ಕಾಲಾಗಲಿ, ಮೊದಲು ಮರದಲ್ಲಿ ಹುಟ್ಟಬೇಕು. ಆ ಮರವನ್ನು ಒದ್ದೆ ಮರಳಿನ ಪೆಟ್ಟಿಗೆಯಲ್ಲಿ ಹೂತು, ಸುತ್ತ ಗಟ್ಟಿಯಾಗಿ ಗುದ್ದಿ, ಮೆಲ್ಲಗೆ ಎತ್ತಿಕೊಂಡರೆ ಮರಳಿನಲ್ಲಿ ಅದರ ಆಕಾರದ ಗುಳಿ ಉಳಿಯುತ್ತದೆ. ಆ ಗುಳಿಗೆ ಕರಗಿದ ಉಕ್ಕು ಸುರಿಯುತ್ತಾರೆ. ತಣಿದು ಹೊರಬಂದ ಉಕ್ಕಿಗೆ ಬಣ್ಣ ಬಳಿದು, ನಂಬರು ಹೊಡೆದು, ಲಾರಿಗೆ ಹತ್ತಿಸಿ ಕಳಿಸುತ್ತಾರೆ. ಮರ ಮಾತ್ರ ಮೈತುಂಬ ಮರಳು ಮೆತ್ತಿಕೊಂಡು ಗೋದಾಮಿನ ಮೂಲೆ ಸೇರುತ್ತದೆ. ಹೆತ್ತವಳು ಒಬ್ಬಳು, ತೊಟ್ಟಿಲು ತೂಗಿಸಿಕೊಳ್ಳುವವರು ಇನ್ನೊಬ್ಬರು.

ಆ ಮರಗೆಲಸದ ಸಾಲಿನಲ್ಲಿ ನಿಂತ ಮೊದಲನೇ ಹೆಂಗಸು ಅವಳು. ಮೊದಲ ವರ್ಷ ಎಲ್ಲರೂ ‘ಆ ಹೆಂಗಸು’ ಅನ್ನುತ್ತಿದ್ದರು. ಎರಡನೇ ವರ್ಷ, ಗಂಡಸರು ಮೂರು ಸಲ ಕೆಡಿಸಿದ್ದ ಒಂದು ಪಂಪಿನ ಅಚ್ಚನ್ನು ಅವಳು ಒಂದೇ ಸಲಕ್ಕೆ ಮುಗಿಸಿಕೊಟ್ಟ ಮೇಲೆ ‘ಅಚ್ಚಕ್ಕ’ ಆದಳು. ಆ ಹೆಸರು ಹಾಗೇ ಅಂಟಿಕೊಂಡಿತು. ಈಗ ಮನೆಯಲ್ಲಿ ಗಂಡನೂ ಹಾಗೇ ಕರೆಯುತ್ತಾನೆ, ಬೇಕಾದದ್ದು ಕೇಳುವಾಗ.

ಕೆಲಸ ಬಿಡುವ ದಿನ ಹಾರ ಹಾಕಿದರು, ಎರಡು ಮಾತಾಡಿದರು. ಮೇಸ್ತ್ರಿ ಅವಳ ಮೇಜಿನ ಹಿತ್ತಾಳೆ ಸ್ಕೇಲನ್ನೇ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟ. ಹೊರಡುವ ಮುಂಚೆ ತನ್ನ ಹಳೆಯ ಅಚ್ಚುಗಳನ್ನು ಒಂದು ಸಲ ನೋಡಿ ಬರೋಣ ಅಂತ ಗೋದಾಮಿಗೆ ಹೋದರೆ ಅಲ್ಲಿ ಕಪಾಟು ಬರಿದು. ಹಿಂದುಗಡೆ ಕ್ಯಾಂಟೀನಿನ ನೀರು ಕಾಯಿಸುವ ಒಲೆಯ ಮುಂದೆ ಅವುಗಳ ರಾಶಿ. ಒಲೆಯವನು ಒಂದೊಂದಾಗಿ ತಳ್ಳುತ್ತಿದ್ದ. ಎಲ್ಲ ಕಂಪ್ಯೂಟರಿಗೆ ಹೋಯಿತಂತೆ, ಇವು ಇನ್ನು ಬೇಡವಂತೆ. ಒಣಗಿದ ಮರ ಅಲ್ಲವೇ, ಚೆನ್ನಾಗಿ ಉರಿಯುತ್ತವೆ ಅಂತ ಅವನು ಹೊಗಳಿಕೆಯ ಹಾಗೆ ಹೇಳಿದ. ಅಚ್ಚಕ್ಕ ಬೆಂಕಿಯ ಬಾಯಲ್ಲಿ ಅರ್ಧ ಕರಕಲಾಗಿದ್ದ ಒಂದು ಹಲ್ಲುಚಕ್ರದ ಹಲ್ಲುಗಳನ್ನು ಎಣಿಸಿದಳು. ನಲವತ್ತೆರಡಿರಬೇಕಿತ್ತು, ಹತ್ತೊಂಬತ್ತು ಉಳಿದಿದ್ದವು.

ಮನೆಗೆ ಬಂದು ಗಂಡನಿಗೆ ಹೇಳಿದ್ದು ಒಂದೇ ಮಾತು. ಇನ್ನು ತಾನು ಮಾಡುವ ಮರದ ಕೆಲಸ ಮರವಾಗಿಯೇ ಇರಬೇಕು. ಮರಳಿಗೂ ಹೋಗಬಾರದು, ಒಲೆಗೂ ಹೋಗಬಾರದು. ನಾಲ್ಕು ಜನ ಅದನ್ನು ಮರ ಅಂತಲೇ ನೋಡಬೇಕು, ಸರಿಯಾಗಿದೆ ಅನ್ನಬೇಕು.

ಗಂಡ ಬಸ್ಸಿನ ಕಂಡಕ್ಟರಾಗಿದ್ದವನು. ಮೂವತ್ತೈದು ವರ್ಷ ನಿಂತೇ ದುಡಿದು, ನಿವೃತ್ತಿಯಾದ ಮೇಲೆ ಎಲ್ಲಿ ಕುರ್ಚಿ ಕಂಡರೂ ಮೊದಲು ಕೂತು ಆಮೇಲೆ ಮಾತಾಡುವ ಮನುಷ್ಯ. ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಇರುವ ಪೇಪರನ್ನೆಲ್ಲ ಓದುತ್ತಿದ್ದ. ಜೊತೆಗೆ ಹೋದ ಅಚ್ಚಕ್ಕನಿಗೆ ಅಕ್ಷರದ ನಂಟು ಅಷ್ಟಕ್ಕಷ್ಟೆ. ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ಆದರೆ ನಕ್ಷೆ ಅವಳಿಗೆ ಓಲೆ ಓದಿದಷ್ಟು ಸಲೀಸು. ಅಲ್ಲಿ ಕುರ್ಚಿಗಳದೇ ಒಂದು ದಪ್ಪ ಪುಸ್ತಕ ಸಿಕ್ಕಿತು. ಎಪ್ಪತ್ತು ಎಂಬತ್ತು ವರ್ಷದ ಹಿಂದೆ ದೂರದೇಶದ ಬಡಗಿಗಳು ಮಾಡಿ ಹೆಸರಾದ ಕುರ್ಚಿಗಳು. ಕೆತ್ತನೆಯಿಲ್ಲ, ಗಿಲೀಟಿಲ್ಲ, ಹೂಬಳ್ಳಿಯಿಲ್ಲ. ಬರೀ ಮರ, ಅದರ ಬಾಗು, ಅದರ ಸಂದು. ಅದರಲ್ಲೊಂದು ಗುಂಡುಬೆನ್ನಿನ ಕುರ್ಚಿ. ಬೆನ್ನಿನ ಪಟ್ಟಿಯೇ ಹರಿದು ಬಂದು ತೋಳಾಗುತ್ತದೆ. ಎಲ್ಲಿ ಬೆನ್ನು ಮುಗಿಯಿತು, ಎಲ್ಲಿ ತೋಳು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. ಮೂರು ತುಂಡು ಮರವನ್ನು ಹಲ್ಲಿಗೆ ಹಲ್ಲು ಕಚ್ಚಿಸಿ ಸೇರಿಸಿದ್ದು, ಆದರೆ ಕಣ್ಣಿಗೆ ಒಂದೇ ಕೊಂಬೆ. ಪಕ್ಕದ ಪುಟದಲ್ಲಿ ಅದರ ನಕ್ಷೆ, ಮಿಲಿಮೀಟರಿನಲ್ಲಿ ಅಳತೆ.

ಪುಸ್ತಕ ಮನೆಗೆ ಕೊಡುವುದಿಲ್ಲ ಅಂದರು. ಅಚ್ಚಕ್ಕ ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ನಾಲ್ಕು ದಿನ ಕೂತು ಎಲ್ಲ ಅಳತೆಯನ್ನೂ ಇಳಿಸಿಕೊಂಡಳು.

ಇದೆಲ್ಲ ಗೊತ್ತಾಗಿ ಅವಳ ಅಣ್ಣ ನೋಡಲು ಬಂದ. ಅವನದು ಮುಖ್ಯರಸ್ತೆಯಲ್ಲಿ ಸೋಫಾ ಅಂಗಡಿ. ಒಳಗೆ ಹುಲ್ಲೋ ಸ್ಪಂಜೋ ಯಾರಿಗೂ ಗೊತ್ತಾಗದ, ಮೇಲೆ ಮಾತ್ರ ಮಖಮಲ್ಲಿನಂಥ ಬಟ್ಟೆಯ ಸೋಫಾಗಳು. ಎಲ್ಲ ಬಿಟ್ಟು ಇನ್ನೊಬ್ಬರು ಮಾಡಿದ್ದರ ನಕಲು ಯಾಕೆ ಮಾಡುತ್ತೀ, ಅಷ್ಟು ಕೈಚಳಕ ಇದ್ದರೆ ನಿನ್ನದೇ ಒಂದು ಮಾಡು ಅಂತ ಅವನ ವಾದ.

"ನನ್ನ ತಲೇಲಿ ಕುರ್ಚಿ ಇಲ್ಲಣ್ಣ," ಅಂದಳು ಅಚ್ಚಕ್ಕ. "ಕೈಯಲ್ಲಿದೆ."

"ಅಂದ್ರೆ ತಲೆ ಖಾಲಿ ಅಂತ ನೀನೇ ಒಪ್ಕೊಂಡೆ."

"ನಿನ್ನ ಸೋಫಾ ಹಾಗೆ ಏನೇನೋ ತುಂಬ್ಕೊಂಡಿರೋದಕ್ಕಿಂತ ಖಾಲಿನೇ ವಾಸಿ."

ಅಣ್ಣ ನಕ್ಕು ಚಹಾ ಕುಡಿದು ಹೋದ. ಅವರಿಬ್ಬರ ಮಾತು ಯಾವಾಗಲೂ ಹೀಗೇ. ಒಬ್ಬರ ಕಾಲು ಒಬ್ಬರು ಎಳೆಯದಿದ್ದರೆ ಉಂಡದ್ದು ಅರಗುವುದಿಲ್ಲ.

ಮುಂದಿನ ಕೋಣೆ ಕೆಲಸದ ಕೋಣೆಯಾಯಿತು. ಮಂಚ ಗೋಡೆಗೆ ಒರಗಿತು. ಕೆಡವಿದ ಒಂದು ಹಳೇ ಶಾಲೆಯ ತೊಲೆಯನ್ನು ಅಚ್ಚಕ್ಕ ತಂದಳು. ನೂರು ವರ್ಷ ಮಕ್ಕಳ ಮಗ್ಗಿ ಕೇಳಿ ಕೇಳಿ ಚೆನ್ನಾಗಿ ಒಣಗಿದ್ದ ಮರ. ಅಚ್ಚಿನವರ ಪದ್ಧತಿಯಂತೆ ಮರ ಮುಟ್ಟುವ ಮುಂಚೆ ದೊಡ್ಡ ಹಲಗೆಯ ಮೇಲೆ ಇಡೀ ಕುರ್ಚಿಯನ್ನು ಇದ್ದಷ್ಟೇ ಗಾತ್ರದಲ್ಲಿ ಬರೆದಳು, ಮುಂದಿನಿಂದ, ಮಗ್ಗುಲಿನಿಂದ, ಮೇಲಿನಿಂದ. ಇನ್ನು ಮುಂದೆ ಕಾಗದ ನೋಡುವಂತಿಲ್ಲ, ಹಲಗೆಯೇ ಗುರು. ಎದ್ದು ನಿಂತು ಆ ಗೆರೆಗಳ ಮೇಲೆ ಕೈಯಾಡಿಸಿದಾಗ ಗಂಡ ಬಾಗಿಲಲ್ಲಿ ನಿಂತು, ಇದರ ಮೇಲೆ ಈಗಲೇ ಕೂರಬಹುದಾ ಅಂತ ಕೇಳಿದ.

ಹದಿನಾಲ್ಕು ತಿಂಗಳು ಹಿಡಿಯಿತು. ಬೆನ್ನಿನ ಪಟ್ಟಿಯನ್ನು ಎರಡು ಸಲ ಕೆತ್ತಿದಳು. ಮೊದಲನೆಯದರಲ್ಲಿ ಹಲ್ಲುಸಂದಿನ ಒಂದು ಹಲ್ಲಿನ ಪಕ್ಕ ಕೂದಲೆಳೆಯಷ್ಟು ಬೆಳಕು ಕಂಡಿತು, ಅದನ್ನು ಅಲ್ಲೇ ಬಿಟ್ಟಳು. ಕಾಲುಗಳನ್ನು ಕೀಸುಳಿಯಿಂದ ಎಂಟು ಮೂಲೆ, ಹದಿನಾರು ಮೂಲೆ, ಆಮೇಲೆ ಗುಂಡಗೆ ತಂದಳು. ಕೊನೆಗೆ ಮರ ಉಜ್ಜುವ ಉಪ್ಪುಕಾಗದ, ಅದಕ್ಕಿಂತ ನುಣುಪಾದ ಉಪ್ಪುಕಾಗದ, ಅದೂ ಮುಗಿದ ಮೇಲೆ ಬರೀ ಅಂಗೈ. ಕೂರುವ ಜಾಗವನ್ನು ಕಾಗದ ಹೊಸೆದು ಮಾಡಿದ ಹುರಿಯಲ್ಲಿ ಹೆಣೆಯಬೇಕಿತ್ತು. ಅದಕ್ಕೆ ಗಂಡ ಮುಂದೆ ಬಂದ. ಟಿಕೆಟ್ಟು ಹರಿದೂ ಹರಿದೂ ಅವನ ಹೆಬ್ಬೆರಳು ಇಕ್ಕಳದ ಹಾಗಾಗಿತ್ತು. ಅವನು ಎಳೆದು ಬಿಗಿದರೆ ಹುರಿ ತಂಬೂರಿಯ ತಂತಿಯ ಹಾಗೆ ದನಿ ಕೊಡುತ್ತಿತ್ತು. ಹನ್ನೊಂದು ದಿನ ನೆಲದ ಮೇಲೆ ಕೂತು ಹೆಣೆದ. ಇಡೀ ಜನ್ಮದಲ್ಲಿ ಸೀಟು ಕೊಡಿಸಿದ್ದೇ ಬಂತು, ಸೀಟು ಮಾಡಿದ್ದು ಇದೇ ಮೊದಲು ಅಂದುಕೊಂಡ.

ಕುರ್ಚಿ ಮುಗಿದ ತಿಂಗಳೇ ಊರಿನ ಕರಕುಶಲ ಭವನದ ಗೋಡೆಯ ಮೇಲೆ ನೋಟೀಸು ಬಿತ್ತು. ಹೆಸರಾದ ಮರದ ಕುರ್ಚಿಗಳನ್ನು ಮನೆಯಲ್ಲೇ ನಕಲು ಮಾಡಿದವರು ತರಬಹುದು, ಆರಿಸಿದವನ್ನು ಒಂದು ತಿಂಗಳು ದೊಡ್ಡ ಹಜಾರದಲ್ಲಿ ಇಡುತ್ತೇವೆ. ನಕಲು ಮೂಲದ ಅಳತೆಗೆ ಮೂರು ಮಿಲಿಮೀಟರಿಗಿಂತ ಹೆಚ್ಚು ಆಚೀಚೆ ಇರಬಾರದು. ಈ ಕೊನೆಯ ಸಾಲನ್ನು ಗಂಡ ಓದಿ ಹೇಳಿದಾಗ ಅಚ್ಚಕ್ಕನಿಗೆ ನಗು ಬಂತು. ಮೂರು ಮಿಲಿಮೀಟರಂತೆ! ಅವಳ ಸಾಲಿನಲ್ಲಿ ಅಷ್ಟು ತಪ್ಪಿದವನು ಮಾರನೇ ದಿನ ಗೇಟಿನ ಹೊರಗೆ.

ಅಣ್ಣ ತನ್ನ ಅಂಗಡಿಯ ಟೆಂಪೋ ತಂದ. ಕುರ್ಚಿಯನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸನ್ನು ಆಸ್ಪತ್ರೆಗೆ ಒಯ್ಯುವ ಹಾಗೆ ಒಯ್ದರು. ಭವನದಲ್ಲಿ ಅಳೆಯುವುದಕ್ಕೆ ಒಬ್ಬ ಡ್ರಾಯಿಂಗ್ ಮೇಷ್ಟ್ರು, ನಲವತ್ತರ ಆಸುಪಾಸಿನವನು, ಸಣ್ಣ ದನಿ, ಚೊಕ್ಕ ಉಗುರು. ಕುರ್ಚಿಯನ್ನು ನೋಡುತ್ತಲೇ ಅವನ ಕೈ ತಾನಾಗಿ ಬೆನ್ನಿನ ಬಾಗಿನ ಮೇಲೆ ಹೋಯಿತು. ಹಲ್ಲುಸಂದಿನ ಹತ್ತಿರ ಕಣ್ಣು ತಂದು ತುಂಬಾ ಹೊತ್ತು ಹಾಗೇ ಇದ್ದ. ಆಮೇಲೆ ಅಳತೆಪಟ್ಟಿ ತೆಗೆದ. ಒಂದು ಸಲ ಅಳೆದ, ಮತ್ತೆ ಅಳೆದ. ಪಟ್ಟಿ ಬದಲಿಸಿ ಅಳೆದ. ಮುಖ ಸಪ್ಪಗಾಯಿತು. ಒಂದು ಚೀಟಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ನಂಬರು ಬರೆದು ಅಚ್ಚಕ್ಕನ ಕೈಗೆ ಕೊಟ್ಟು, ಕ್ಷಮಿಸಿ ಅಮ್ಮ, ಕೆಲಸ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ, ಅಳತೆ ಮಾತ್ರ ತಪ್ಪಿದೆ, ಇನ್ನೊಂದು ವಾರ ಟೈಮಿದೆ ಅಂದ.

ತಪ್ಪಿದೆ ಅನ್ನುವ ಮಾತು ಅಚ್ಚಕ್ಕನ ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಮನೆಗೆ ಬಂದವಳೇ ಹಿತ್ತಾಳೆ ಸ್ಕೇಲು ಹಿಡಿದು ಕುರ್ಚಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಎತ್ತರ ಏಳುನೂರೈವತ್ತು, ಸರಿ. ಕೂರುವ ಎತ್ತರ ನಾನೂರ ನಲವತ್ತು, ಸರಿ. ಅಗಲ ಆರುನೂರ ಮೂವತ್ತು, ಸರಿ. ಕೂದಲೆಳೆ ಆಚೀಚೆ ಇಲ್ಲ. ಮೇಷ್ಟ್ರ ಕಣ್ಣಿಗೆ ಪೊರೆ ಬಂದಿರಬೇಕು ಅಂತ ಬೈದುಕೊಂಡು ಚೀಟಿಯನ್ನು ಬಿಡಿಸಿ ಹಿಡಿದಳು. ಎತ್ತರ ಹದಿನೈದು ಹೆಚ್ಚು. ಕೂರುವ ಎತ್ತರ ಒಂಬತ್ತು ಹೆಚ್ಚು. ಅಗಲ ಹದಿಮೂರು ಹೆಚ್ಚು.

ಅಕ್ಷರ ಓದಲು ತಡವರಿಸುವವಳು ಆ ಮೂರು ನಂಬರನ್ನು ಒಂದೇ ನೋಟಕ್ಕೆ ಓದಿಬಿಟ್ಟಳು. ಎಲ್ಲ ಕಡೆ ಒಂದೇ ಪಾಲು. ಐವತ್ತಕ್ಕೆ ಒಂದು. ಸ್ಕೇಲನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟು ಮಂಚದ ಅಂಚಿಗೆ ಕೂತಳು.

ಗಂಡ, ಅಣ್ಣ ಇಬ್ಬರೂ ಏನಾಯಿತು ಏನಾಯಿತು ಅಂತ ಕೇಳಿದ ಮೇಲೆ ಬಾಯಿ ಬಿಟ್ಟಳು. ಉಕ್ಕು ತಣಿಯುವಾಗ ಕುಗ್ಗುತ್ತದೆ, ಐವತ್ತಕ್ಕೆ ಒಂದು ಪಾಲು. ಹಾಗಾಗಿ ಅಚ್ಚನ್ನು ಅಷ್ಟು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂತರೆ ಕೆಲಸ ಸಾಗದು ಅಂತ ಅಚ್ಚಿನವರಿಗೆ ಸ್ಕೇಲನ್ನೇ ಹಿಗ್ಗಿಸಿ ಮಾಡಿಸಿರುತ್ತಾರೆ. ಅದರಲ್ಲಿ ನೂರು ಅಂತ ಇದ್ದ ಕಡೆ ನಿಜವಾಗಿ ನೂರಾ ಎರಡು. ಮೂವತ್ತೊಂದು ವರ್ಷ ಅವಳ ಕೈ ಆ ಸ್ಕೇಲನ್ನು ಬಿಟ್ಟು ಬೇರೆ ಮುಟ್ಟಿರಲಿಲ್ಲ. ಹಲಗೆಯ ಮೇಲೆ ಕುರ್ಚಿ ಬರೆದದ್ದೂ ಅದರಲ್ಲೇ. ಕುಗ್ಗದ ಮರದ ಕುರ್ಚಿಗೆ ಕುಗ್ಗುವ ಉಕ್ಕಿನ ಅಳತೆ ಹಾಕಿದ್ದಳು.

ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಹಂಗಾದ್ರೆ ಏನೂ ಚಿಂತೆ ಇಲ್ಲ ಬಿಡು. ಕುರ್ಚಿ ತಣಿಯೋವರೆಗೂ ಕಾಯಿ, ತಾನೇ ಕುಗ್ಗುತ್ತೆ."

ಗಂಡ ತುಟಿ ಕಚ್ಚಿಕೊಂಡು ಗೋಡೆ ನೋಡಿದ. ಅವನಿಗೂ ನಗು ಬಂದಿತ್ತು, ಆದರೆ ರಾತ್ರಿಯ ಊಟ ಅವಳ ಕೈಯಲ್ಲೇ ಇತ್ತು.

ನಕ್ಕು ಮುಗಿದ ಮೇಲೆ ಅಣ್ಣ ದಾರಿಯನ್ನೂ ಹೇಳಿದ. ನಾಲ್ಕು ಕಾಲಿನ ತುದಿಯನ್ನು ಸ್ವಲ್ಪ ಸ್ವಲ್ಪ ಕೊಯ್ದುಬಿಡು, ಕೂರುವ ಎತ್ತರ ಸರಿಹೋಗುತ್ತದೆ. ಬೆನ್ನಿನ ತುದಿಯನ್ನು ಅಲ್ಲಲ್ಲಿ ಉಜ್ಜು. ಅಗಲದ ವಿಷಯ ಆ ಮೇಷ್ಟ್ರಿಗೆ ನಾನು ಹೇಳುತ್ತೇನೆ, ಅವರ ಮಾವ ನನ್ನ ಗಿರಾಕಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗಂತ ಗರಗಸವನ್ನೂ ಗೋಡೆಯಿಂದ ತೆಗೆದ.

"ಅಣ್ಣ, ಅದನ್ನ ಅಲ್ಲೇ ಇಡು."

ಅವಳ ದನಿ ಏರಿರಲಿಲ್ಲ. ಆದರೂ ಅಣ್ಣ ಗರಗಸವನ್ನು ಇದ್ದ ಮೊಳೆಗೇ ನೇತುಹಾಕಿದ. ಎಲ್ಲ ಅಂಗ ಒಂದೇ ಪಾಲಿನಲ್ಲಿ ದೊಡ್ಡದಿದೆ, ಹಾಗಾಗಿ ಅದು ಇನ್ನೂ ಅದೇ ಕುರ್ಚಿ, ಕಾಲು ಕೊಯ್ದರೆ ಯಾವ ಕುರ್ಚಿಯೂ ಅಲ್ಲ ಅಂತ ಅವಳು ಹೇಳಿದಳು. ಗಂಡ ಸಮಾಧಾನ ಮಾಡಲು ನೋಡಿದ. ಒಂಬತ್ತು ಮಿಲಿಮೀಟರು ಎತ್ತರ ಆದದ್ದು ತನ್ನ ಮಂಡಿಗೆ ವರವೇ ಆಯಿತು, ಏಳುವಾಗ ಅಯ್ಯಪ್ಪಾ ಅನ್ನುವುದು ತಪ್ಪಿತು ಅಂದ.

"ನಿಮ್ಮ ಮಂಡಿಗೆ ಹೊಂದಿದ್ದು ನನ್ನ ಜಾಣತನ ಅಲ್ಲ ರೀ. ತಪ್ಪಿಗೆ ಸೀರೆ ಉಡಿಸಬೇಡಿ," ಅಂದಳು.

ಮೂರು ದಿನ ಅವಳು ಆ ಕೋಣೆಗೆ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮರಳಣ್ಣ ಬಂದ. ಕಾರ್ಖಾನೆಯಲ್ಲಿ ಮರಳಿನ ಪೆಟ್ಟಿಗೆ ಗುದ್ದುತ್ತಿದ್ದವನು, ಅವಳ ಅಚ್ಚುಗಳನ್ನೆಲ್ಲ ಹೂತದ್ದು ಅವನೇ. ಅಷ್ಟು ವರ್ಷದಲ್ಲಿ ಎಷ್ಟು ಮರಳು ನುಂಗಿದ್ದೀನಂದರೆ, ಕೆಮ್ಮಿದರೆ ಅರ್ಧ ಚೀಲ ಬೀಳುತ್ತದೆ ಅಂತ ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಸುದ್ದಿ ಅವನಿಗೆ ಹೇಗೆ ಮುಟ್ಟಿತೋ, ಅಣ್ಣನ ಅಂಗಡಿಗೆ ಬಾಗಿಲೂ ಇಲ್ಲ ಬಾಯಿಗೆ ಬೀಗವೂ ಇಲ್ಲ.

ಮರಳಣ್ಣ ನಗಲಿಲ್ಲ. ಕುರ್ಚಿಯ ಸುತ್ತ ಎರಡು ಸುತ್ತು ಬಂದ, ಮಂಡಿಯೂರಿ ಅಡಿಯಿಂದ ನೋಡಿದ. ಅವನ ಬೆರಳು ಬೆನ್ನಿನ ಉದ್ದಕ್ಕೂ ಗೆರೆ ಎಳೆಯುತ್ತ ಹೋದ ರೀತಿ ನೋಡಿಯೇ ಅಚ್ಚಕ್ಕನಿಗೆ ಅವನ ತಲೆಯಲ್ಲಿ ಏನು ಓಡುತ್ತಿದೆ ಅಂತ ತಿಳಿಯಿತು. ಇದನ್ನು ಹೂತರೆ ಮರಳಿನ ಪೆಟ್ಟಿಗೆಯನ್ನು ಎಲ್ಲಿ ಎರಡಾಗಿ ಬಿಡಿಸಬೇಕು ಅಂತ ನೋಡುತ್ತಿದ್ದ.

"ಅಚ್ಚಕ್ಕ, ನೀನು ತಪ್ಪು ಮಾಡಿಲ್ಲ," ಅಂದ. "ನೀನು ಮಾಡಿರೋದು ಅಚ್ಚು. ಕೊಡು ನನಗೆ. ಬಿಡಿಸಿ ತುಂಡು ತುಂಡಾಗಿ ಹೂತು ಎರಕ ಹೊಯ್ಯಿಸ್ತೀನಿ. ಈಗಿನ ಮೇಸ್ತ್ರಿ ನನ್ನ ಮಾತು ತೆಗೆದುಹಾಕೋದಿಲ್ಲ. ಉಕ್ಕಿನ ಕುರ್ಚಿ ತಣಿದು ಬಂದಾಗ ಅಳೆದು ನೋಡು, ಏಳುನೂರೈವತ್ತಂದ್ರೆ ಏಳುನೂರೈವತ್ತು. ಆ ಮೇಷ್ಟ್ರು ಮೂಗಿನ ಮೇಲೆ ಬೆರಳಿಡಬೇಕು."

ಅಚ್ಚಕ್ಕ ಮತ್ತೊಮ್ಮೆ ಕುರ್ಚಿಯ ಕಡೆ ನೋಡಿದಳು. ಸುಳ್ಳೇಕೆ, ಆಸೆಯಾಯಿತು. ಅವಳಿಗೆ ಅದು ಕಣ್ಣಿಗೆ ಕಟ್ಟಿತು. ಬೂದುಬಣ್ಣದ ಕುರ್ಚಿ, ಮರಳಿನಿಂದ ಬಿಸಿಬಿಸಿಯಾಗಿ ಎದ್ದು ಬಂದದ್ದು, ಒಂದೊಂದು ಅಳತೆಯೂ ನಕ್ಷೆಗೆ ತಾಳೆ. ತನ್ನ ಕೈ ತಪ್ಪಲಿಲ್ಲ ಅಂತ ಇಡೀ ಊರಿಗೆ ಸಾಬೀತು. ಆದರೆ ಅದರ ಹಿಂದೆಯೇ ಇನ್ನೊಂದೂ ಕಂಡಿತು. ಹಜಾರದ ದೀಪದ ಕೆಳಗೆ ಉಕ್ಕು ನಿಂತಿದೆ, ಜನ ನೋಡುತ್ತಿದ್ದಾರೆ. ಶಾಲೆಯ ತೊಲೆಯ ಕುರ್ಚಿ ಕಾಲು ಕಳಚಿ, ಸಂದು ಬಿಡಿಸಿ, ಹುರಿ ಕತ್ತರಿಸಿ, ಮೈಯೆಲ್ಲ ಮರಳಾಗಿ ಗೋದಾಮಿನ ಮೂಲೆಯಲ್ಲಿ ಬಿದ್ದಿದೆ. ಪಕ್ಕದಲ್ಲಿ ಒಲೆ.

"ಇಲ್ಲ ಮರಳಣ್ಣ. ಈ ಸಲ ಮರ ಮಣ್ಣಿಗೆ ಹೋಗಲ್ಲ."

"ಅಳತೆಗೆ ಬರ್ತಿತ್ತಲ್ಲಾ."

"ಉಕ್ಕು ಬರ್ತಿತ್ತು. ನಾನು ಬರ್ತಿರಲಿಲ್ಲ."

ಮರಳಣ್ಣ ಅರ್ಥವಾದವನ ಹಾಗೆ ತಲೆ ಆಡಿಸಿದ. ಹೋಗುವ ಮುಂಚೆ ಕುರ್ಚಿಯ ಮೇಲೆ ಕೂತ, ಕೇಳದೆ. ಎದ್ದು, ಹೂಳುವುದಕ್ಕೆ ಮನಸ್ಸೂ ಬರುತ್ತಿರಲಿಲ್ಲ ಬಿಡು ಅಂದ.

ಮರಳಣ್ಣನಿಗೆ ಹಾಗೆ ಹೇಳಿಬಿಟ್ಟ ಮೇಲೆ ಅಚ್ಚಕ್ಕನಿಗೆ ತಾನು ಮಾಡಬೇಕಾದದ್ದು ಸ್ಪಷ್ಟವಾಯಿತು. ಮಾರನೇ ದಿನವೇ ಅಣ್ಣನಿಗೆ ಹೇಳಿ ಕಳಿಸಿ ಟೆಂಪೋ ತರಿಸಿದಳು. ಕುರ್ಚಿಗೆ ಒಂದು ಉಳಿಯನ್ನೂ ತಾಗಿಸಿರಲಿಲ್ಲ. ಅಣ್ಣ ಅದನ್ನು ನೋಡಿ, ಏನೂ ಮಾಡದೆ ಯಾವ ಮುಖ ಇಟ್ಟುಕೊಂಡು ಹೋಗುತ್ತೀ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಹೋಗಿ ಅವರ ಅಳತೆಪಟ್ಟಿ ಡೊಂಕು ಅನ್ನುತ್ತೀಯಾ ಅಂತ ಕೇಳಿದ. ನೀನು ಗಾಡಿ ಓಡಿಸು ಅಂದಳು.

ಭವನದಲ್ಲಿ ಆಗಲೇ ಆರಿಸಿದ ಕುರ್ಚಿಗಳು ಸಾಲಾಗಿ ನಿಂತಿದ್ದವು. ಕೆಲವು ಚೆನ್ನಾಗಿದ್ದವು. ಒಂದರ ಕಾಲಿನ ಸಂದಿನಲ್ಲಿ ಅಂಟು ಉಕ್ಕಿ ಒಣಗಿತ್ತು, ಇನ್ನೊಂದರ ತೋಳಿಗೆ ಮೊಳೆ ಹೊಡೆದು ಮೇಣ ಮೆತ್ತಿದ್ದರು. ಅಳತೆ ಮಾತ್ರ ಎಲ್ಲದರದ್ದೂ ಸರಿಯಂತೆ. ಅಚ್ಚಕ್ಕ ಅವನ್ನೆಲ್ಲ ನೋಡಿದಳು. ಇನ್ನೊಬ್ಬರ ಮಕ್ಕಳ ಮೂಗಿನ ಬಗ್ಗೆ ಮಾತಾಡುವುದು ಅವಳ ಜಾಯಮಾನವಲ್ಲ.

ಮೇಷ್ಟ್ರು ಎದ್ದು ಬಂದು, ಸರಿಮಾಡಿದಿರಾ ಅಮ್ಮ ಅಂತ ಆಸೆಯಿಂದ ಕೇಳಿದ. ಅವಳು ಬಟ್ಟೆ ಬಿಡಿಸಿ ಹಿತ್ತಾಳೆ ಸ್ಕೇಲನ್ನು ಅವನ ಕೈಗಿಟ್ಟಳು. ಇದರಲ್ಲಿ ಅಳೆಯಿರಿ ಅಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಹಿರಿಯಳ ಮಾತಿಗೆ ಬಗ್ಗಿ ಅಳೆದ. ಎತ್ತರ ಸರಿಬಂತು. ಅಗಲ ಸರಿಬಂತು. ಅವನಿಗೆ ಕುತೂಹಲ ಹತ್ತಿತು. ತೋಳಿನ ದಪ್ಪ, ಕಾಲಿನ ಮೇಲಿನ ಸುತ್ತು, ಕೆಳಗಿನ ಸುತ್ತು, ಬೆನ್ನಿನ ಬಾಗು, ನಕ್ಷೆಯಲ್ಲಿ ಹನ್ನೆರಡು ಕಡೆ ಅಳತೆ ಕೊಟ್ಟಿದ್ದರೆ ಹನ್ನೆರಡನ್ನೂ ಅಳೆದ. ಒಂದೂ ಕೂದಲೆಳೆ ತಪ್ಪಲಿಲ್ಲ. ಆಮೇಲೆ ಸ್ಕೇಲಿನ ಪಕ್ಕ ತನ್ನ ಅಳತೆಪಟ್ಟಿ ಇಟ್ಟು ನೋಡಿದ. ಎರಡನ್ನೂ ಮೇಜಿನ ಮೇಲೆ ಇಟ್ಟು ಅವಳ ಕಡೆ ತಿರುಗಿದ.

ಅಚ್ಚಕ್ಕ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ತನ್ನ ಕಸುಬು, ಆ ಸ್ಕೇಲು, ಕೈಯ ರೂಢಿ, ಎಲ್ಲ. ಸ್ಕೇಲನ್ನು ಆರಿಸಿದ್ದು ತಪ್ಪು, ಅದು ತನ್ನದೇ. ಆಮೇಲೆ ಮಾಡಿದ ಕೆಲಸದಲ್ಲಿ ತಪ್ಪಿದ್ದರೆ ತೋರಿಸಿ.

ಮೇಷ್ಟ್ರು ಕೆಟ್ಟವನಲ್ಲ. ತೋರಿಸಲಿಕ್ಕೆ ಏನೂ ಇಲ್ಲ ಅಂತ ಒಪ್ಪಿದ. ಒಳಗೆ ಹೋಗಿ ಯಾರನ್ನೋ ಕೇಳಿ, ಖುಷಿಯಾಗಿ ಬಂದ. ನಕಲಿನ ಸಾಲಿಗೆ ಸೇರಿಸುವ ಹಾಗಿಲ್ಲ, ಆದರೆ ‘ಸ್ವಂತ ಕಲ್ಪನೆ’ ಅಂತ ಇನ್ನೊಂದು ಸಾಲಿದೆ, ಅದಕ್ಕೆ ಅಳತೆಯ ಕಟ್ಟುಪಾಡಿಲ್ಲ. ಬಾಗಿಲಿಗೆ ಎದುರಾಗಿ, ಮೊದಲನೇ ಜಾಗದಲ್ಲೇ ಇಡುತ್ತೇವೆ. ಫಾರಮ್ಮಿನಲ್ಲಿ ಒಂದು ಪದ ಬದಲಾಯಿಸಿದರೆ ಸಾಕು. ಪೆನ್ನನ್ನೂ ಮುಂದೆ ಹಿಡಿದ. ಹಿಂದಿನಿಂದ ಅಣ್ಣ ಅವಳ ಬೆನ್ನಿಗೆ ಬೆರಳಿನಿಂದ ತಿವಿದ, ಹಾಕು ಹಾಕು ಅಂತ.

ಅಚ್ಚಕ್ಕ ಪೆನ್ನನ್ನು ತೆಗೆದುಕೊಳ್ಳಲಿಲ್ಲ.

"ಇದು ನನ್ನ ಕಲ್ಪನೆ ಅಲ್ಲ ಮೇಷ್ಟ್ರೇ. ಯಾರೋ ಪುಣ್ಯಾತ್ಮ ತಲೆ ಕೆಡಿಸ್ಕೊಂಡು ಹೆತ್ತಿದ್ದು. ನಾನು ಎರಡು ಬೆರಳು ದೊಡ್ಡ ಅಂಗಿ ಹೊಲಿದೆ ಅಂತ ಆ ಮಗು ನಂದಾಗಲ್ಲ."

"ಹಾಗಾದ್ರೆ ಏನಂತ ಬರೀಲಿ ಅಮ್ಮ?"

"ಇರೋದನ್ನ ಬರೀರಿ. ನಕಲು, ಐವತ್ತಕ್ಕೆ ಒಂದು ಪಾಲು ದೊಡ್ಡದು, ಮಾಡಿದವಳು ಇಂಥವಳು. ಅಷ್ಟೇ."

"ಅಂಥ ಖಾನೆ ಇಲ್ಲಮ್ಮ ನಮ್ಮಲ್ಲಿ."

"ಇಲ್ದಿದ್ರೆ ಮಾಡಿ. ನಾನು ಮೂವತ್ತೊಂದು ವರ್ಷ ಇಲ್ಲದ್ದನ್ನೇ ಮಾಡಿ ಕೊಟ್ಟಿದ್ದೀನಿ."

ಮೇಷ್ಟ್ರು ಮತ್ತೆ ಒಳಗೆ ಹೋದ. ಈ ಸಲ ತಡವಾಯಿತು. ಒಳಗಿನಿಂದ ದಪ್ಪ ದನಿಯೊಂದು, ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಎಲ್ಲರೂ ತಮ್ಮ ತಮ್ಮ ಸ್ಕೇಲು ಹಿಡಿದು ಬರುತ್ತಾರೆ ಅಂದದ್ದು ಹಜಾರಕ್ಕೂ ಕೇಳಿಸಿತು. ಹೊರಬಂದ ಮೇಷ್ಟ್ರು ಏನೂ ಹೇಳಬೇಕಾಗಲಿಲ್ಲ. ಅಚ್ಚಕ್ಕ ಆಗಲೇ ಕಂಬಳಿಯನ್ನು ಕುರ್ಚಿಗೆ ಸುತ್ತುತ್ತಿದ್ದಳು. ಅವನು ಬಂದು ಇನ್ನೊಂದು ತುದಿ ಹಿಡಿದು ಗಂಟು ಹಾಕಲು ಸಹಾಯ ಮಾಡಿದ. ನಿಯಮ ನಾನು ಮಾಡಿದ್ದಲ್ಲ ಅಮ್ಮ ಅಂದ. ಗೊತ್ತು, ನೀವು ಅಳೆಯುವವರು, ಅಳೆದದ್ದು ಸರಿಯಾಗಿಯೇ ಇತ್ತು ಅಂತ ಅವಳು ಹೇಳಿದಳು.

ಟೆಂಪೋದಲ್ಲಿ ಅಣ್ಣ ಅರ್ಧ ದಾರಿಯವರೆಗೆ ತಡೆದುಕೊಂಡ. ಆಮೇಲೆ ಶುರುಮಾಡಿದ. ಬಾಗಿಲಿಗೆ ಎದುರಾಗಿ ಮೊದಲನೇ ಜಾಗ ಅಂದರೆ ಸುಮ್ಮನೆಯೇ? ಒಂದು ಪದ ತಾನೇ? ಈ ಊರಿನಲ್ಲಿ ಒಂದು ಪದದ ಸುಳ್ಳು ಹೇಳದವರು ಯಾರಿದ್ದಾರೆ?

"ಇದೀನಲ್ಲ," ಅಂದಳು ಅಚ್ಚಕ್ಕ. "ಪಕ್ಕದಲ್ಲೇ ಕೂತಿದೀನಿ."

ಮನೆಯಲ್ಲಿ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಅವಳ ಮುಖ ನೋಡಿ ಕುರ್ಚಿ ಇಳಿಸಲು ಕೈಜೋಡಿಸಿದ. ಅಚ್ಚಕ್ಕ ಅದನ್ನು ಕೆಲಸದ ಮೇಜಿನ ಮೇಲೆ ತಲೆಕೆಳಗಾಗಿ ಮಲಗಿಸಿದಳು. ಒಂದು ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ತಂದು, ಕೂರುವ ಚೌಕಟ್ಟಿನ ಒಳಮಗ್ಗುಲಲ್ಲಿ ಬರೆಯಲು ಶುರುಮಾಡಿದಳು. ಅಕ್ಷರ ಒಂದೊಂದೇ ಎದ್ದಿತು, ಸುಟ್ಟ ಮರದ ಹೊಗೆಯೊಂದಿಗೆ. ಮೊಳೆ ಆರಿದಾಗೆಲ್ಲ ಗಂಡ ಒಲೆಗೂ ಮೇಜಿಗೂ ಓಡಾಡಿ ಕಾಯಿಸಿ ತಂದುಕೊಟ್ಟ. ‘ಐವತ್ತಕ್ಕೆ’ ಅನ್ನುವುದರ ಒತ್ತು ಸ್ವಲ್ಪ ಓರೆಯಾಯಿತು. ಅವಳು ಸರಿಮಾಡಲು ಹೋಗಲಿಲ್ಲ. ನಕಲು. ಐವತ್ತಕ್ಕೆ ಒಂದು ಪಾಲು ದೊಡ್ಡದು. ಮಾಡಿದವಳು ಅಚ್ಚಕ್ಕ. ಹೆಣೆದವನು ಅವಳ ಗಂಡ.

ಕೊನೆಯ ಸಾಲು ಓದಿ ಗಂಡ ಕನ್ನಡಕ ತೆಗೆದು ಒರೆಸಿಕೊಂಡ. ಹೊಗೆ ಜಾಸ್ತಿಯಾಯಿತು ಅಂದ.

ಭವನದಲ್ಲಿ ಪ್ರದರ್ಶನ ಶುರುವಾದ ಭಾನುವಾರ ಅಣ್ಣ ಹೋಗಿ ನೋಡಿಕೊಂಡು, ಅಲ್ಲಿಂದ ನೇರ ತಂಗಿಯ ಮನೆಗೆ ಬಂದ. ಎಲ್ಲ ಕುರ್ಚಿಗೂ ಹಗ್ಗ ಕಟ್ಟಿದ್ದಾರೆ, ಮುಟ್ಟಬಾರದಂತೆ, ಜನ ಚೆನ್ನಾಗಿ ಸೇರಿದ್ದಾರೆ ಅಂತ ವರದಿ ಒಪ್ಪಿಸುತ್ತ ಒಳಗೆ ಬಂದವನು ಬಾಗಿಲಲ್ಲೇ ನಿಂತ. ಗುಂಡುಬೆನ್ನಿನ ಕುರ್ಚಿಯಲ್ಲಿ ಭಾವ ಕಾಲು ಚಾಚಿ ಪೇಪರು ಓದುತ್ತಿದ್ದ. ನೆಲದ ಮೇಲೆ ಶಾಲೆಯ ತೊಲೆಯ ಉಳಿದ ಭಾಗ ಐದು ಗುಡ್ಡೆಯಾಗಿ ಸೀಳಿ ಬಿದ್ದಿತ್ತು. ಅಚ್ಚಕ್ಕ ಅದರ ಮೇಲೆ ಬಗ್ಗಿ ಗುರುತು ಹಾಕುತ್ತಿದ್ದಳು, ಕೈಯಲ್ಲಿ ಅದೇ ಹಿತ್ತಾಳೆ ಸ್ಕೇಲು.

ಅಣ್ಣ ಒಂದು ಸಲ ಸ್ಕೇಲನ್ನು ನೋಡಿದ, ಒಂದು ಸಲ ತಂಗಿಯನ್ನು ನೋಡಿದ.

"ಲೇ, ಬುದ್ಧಿ ಇದೆಯಾ ನಿಂಗೆ? ತಪ್ಪು ಅಂತ ಗೊತ್ತಾದ್ಮೇಲೂ ಅದರಲ್ಲೇ?"

"ಗೊತ್ತಿಲ್ದೆ ಒಂದು ಸಲ ಮಾಡಿದ್ರೆ ತಪ್ಪು," ಅಂದಳು ಅವಳು, ತಲೆ ಎತ್ತದೆ. "ಗೊತ್ತಿದ್ದೂ ಇನ್ನೈದು ಮಾಡ್ತೀನಿ. ಆರೂ ಕೂದಲೆಳೆ ಆಚೀಚೆ ಇಲ್ದೆ ಒಂದೇ ಸಮ ನಿಂತ್ಮೇಲೆ ಬಂದು ತಪ್ಪು ಅನ್ನಲಿ ಯಾರಾದ್ರೂ. ಅದು ನನ್ನ ಅಳತೆ."

"ಆರು ಕುರ್ಚಿ ಇಟ್ಕೊಂಡು ಮಲಗೋದೆಲ್ಲಿ ನೀವು?"

ಪೇಪರಿನ ಹಿಂದಿನಿಂದ ಭಾವ, ಕೂತೇ ನಿದ್ದೆ ಮಾಡುವುದು ತನಗೆ ರೂಢಿಯಿದೆ, ರಾತ್ರಿ ಬಸ್ಸಿನಲ್ಲಿ ಎಷ್ಟು ಜನರನ್ನು ನೋಡಿಲ್ಲ ಅಂದ.

ಅಚ್ಚಕ್ಕ ಒಂದು ಉದ್ದನೆಯ ಸೀಳನ್ನು ಮೇಜಿನ ಮೇಲೆ ಎತ್ತಿಟ್ಟಳು. ಅದರ ತುದಿ ಮೇಜು ದಾಟಿ ಆಡುತ್ತಿತ್ತು. ಗೋಡೆಯಿಂದ ಗರಗಸ ತೆಗೆದುಕೊಂಡು ಅಣ್ಣನ ಕಡೆ ತಿರುಗಿದಳು.

"ಬಂದಿದ್ದೀಯಲ್ಲ, ಆ ತುದಿ ಹಿಡ್ಕೋ. ಗಟ್ಟಿಯಾಗಿ."

ಅಣ್ಣ ಅಂಗಡಿಗೆ ಹಾಕಿಕೊಂಡು ಹೋಗುವ ಒಳ್ಳೆಯ ಅಂಗಿಯ ತೋಳು ಮಡಿಸುತ್ತ ಮುಂದೆ ಬಂದು ಹಿಡಿದುಕೊಂಡ.